ಕಡೆಯ ಸಾಲಿನ ಅಮೋಗಸಿದ್ಧ

7 ಜನವರಿ 1957, ಸೋಮವಾರ

ಬೆತ್ತ ಮುರಿಯಿತು. ಜೂನ್‌ನಿಂದ ಇದು ಮೂರನೆಯದು. ಈಗಿನ ಬಜಾರಿನ ಬೆತ್ತಕ್ಕೆ ದಮ್ಮಿಲ್ಲ, ಈಗಿನ ಹುಡುಗರಿಗೆ ನಾಚಿಕೆಯಿಲ್ಲ. ನಾಳೆ ಹೊಸದು ತರಬೇಕು.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಇನ್ನು ಮೂರೇ ತಿಂಗಳು. ಶೇಕಡಾ ಲೆಕ್ಕ ಎಂಟು ಹತ್ತು ಹುಡುಗರ ತಲೆಗೆ ಇನ್ನೂ ಹತ್ತಿಲ್ಲ. ಹತ್ತುವುದೂ ಇಲ್ಲ. ಅದು ಅವರು ಐದನೆಯ ತರಗತಿಗೆ ಬಂದ ದಿನವೇ ನನಗೆ ಗೊತ್ತು. ಹಣೆ ನೋಡುತ್ತೇನೆ, ಕಣ್ಣು ನೋಡುತ್ತೇನೆ, ಹಿಂದಿನ ಸಾಲೆಯ ದಾಖಲೆಯ ಮೇಲೊಮ್ಮೆ ಕಣ್ಣಾಡಿಸುತ್ತೇನೆ, ಕೂರಿಸುತ್ತೇನೆ. ಮುಂದಿನ ಸಾಲು ಪಾಸಾಗುವವರದು. ಗೋಡೆಗೆ ತಾಗಿದ ಕಡೆಯ ಸಾಲು ನಾಪಾಸಾಗುವವರದು. ಅವತ್ತೇ ಕೆಂಪು ವಹಿಯಲ್ಲಿ ಹೆಸರು ಬರೆದು ಮುಂದೆ ಪಾಸ್, ನಾಪಾಸ್ ಎಂದು ಬರೆದಿಡುತ್ತೇನೆ. ಮೂರು ವರ್ಷ ಅದೇ ಹುಡುಗರು ನನ್ನ ಕೈಯಲ್ಲಿ. ಮುಲ್ಕಿ ರಿಝಲ್ಟು ಬಂದಾಗ ವಹಿ ತೆಗೆದು ತಾಳೆ ನೋಡುತ್ತೇನೆ. ಅಕ್ಕಲಕೋಟ ಸಂಸ್ಥಾನವಾಗಿದ್ದ ಕಾಲದಿಂದ, ಮೂವತ್ತು ವರ್ಷ. ಒಂದೋ ಎರಡೋ ಬಿಟ್ಟರೆ ತಪ್ಪಿಲ್ಲ.

ಐದನೆಯ ತರಗತಿಯಿಂದ ದಿನವಿಡೀ ಗದ್ದಲ. ಪಾರ್ವತಿಬಾಯಿಯ ಕ್ಲಾಸು. ಸೋಲಾಪುರದಲ್ಲಿ ಟ್ರೇನಿಂಗ್ ಮುಗಿಸಿ ಜೂನ್‌ನಲ್ಲಿ ಬಂದಾಕೆ. ಮಕ್ಕಳನ್ನು ದುಂಡಗೆ ಕೂರಿಸುತ್ತಾಳೆ. ನಂಬರಿಲ್ಲ, ಮೊದಲನೆಯವನಿಲ್ಲ, ಕಡೆಯವನಿಲ್ಲ. ಹುಡುಗ ಮೊದಲು ‘ನಾನು ಕಲಿಯಬಲ್ಲೆ’ ಎಂದು ನಂಬಬೇಕಂತೆ, ಪಾಠ ಆಮೇಲಂತೆ. ಹೆಡ್ ಮಾಸ್ತರ ರಾಚಪ್ಪನವರು ಹೂಂ ಹೂಂ ಎನ್ನುತ್ತ ಕುಳಿತಿದ್ದರು. ಜೂನ್‌ನಲ್ಲಿ ಅವರು ರಿಟೈರು. ಕುರ್ಚಿ ನನ್ನದು. ಆಗ ನೋಡಿಕೊಳ್ಳುತ್ತೇನೆ ಈ ದುಂಡಗಿನ ಆಟವನ್ನು.

11 ಜನವರಿ, ಶುಕ್ರವಾರ

ನನ್ನ ತರಗತಿಯಲ್ಲಿ ‘ಪೂಜಾರಿ ಅಮೋಗಸಿದ್ಧ ಧೂಳಪ್ಪ’ ಇಬ್ಬರು. ಹೆಸರು ಒಂದೇ, ಅಪ್ಪನ ಹೆಸರು ಒಂದೇ, ಅಡ್ಡಹೆಸರು ಒಂದೇ, ಊರೂ ಒಂದೇ — ಕರಜಗಿ. ಕುರಿ ಸಾಕುವ ಮಂದಿ. ಮನೆಗೊಬ್ಬ ಅಮೋಗಸಿದ್ಧ, ಮನೆಗೊಬ್ಬ ಧೂಳಪ್ಪ. ಆ ಹೆಸರಿನ ದೇವರ ಮೇಲೆ ಭಕ್ತಿ ಇರಲಿ, ಹಾಜರಿ ಕೂಗುವವನ ಮೇಲೂ ಒಂದಿಷ್ಟು ಕರುಣೆ ಬೇಡವೇ. ಮುಂದಿನ ಸಾಲಿನವನಿಗೆ ಶಾಣ್ಯಾ ಅಮೋಗಿ, ಕಡೆಯ ಸಾಲಿನವನಿಗೆ ದಡ್ಡ ಅಮೋಗಿ ಎಂದು ನಾನೇ ಹೆಸರಿಟ್ಟೆ. ಸಾಲೆಯೆಲ್ಲ ಹಾಗೆಯೇ ಕರೆಯುತ್ತದೆ.

ಇಂದು ದಡ್ಡನನ್ನು ಎಬ್ಬಿಸಿದೆ. ನೂರಕ್ಕೆ ಐದರಂತೆ ಇನ್ನೂರೈವತ್ತಕ್ಕೆ ಎಷ್ಟು. ನಿಂತ. ಅಂಗಿಯ ಗುಂಡಿ ತಿರುವಿದ. ನೆಲ ನೋಡಿದ. ನಾನು ಕೇಳುವ ಮೊದಲೇ ಅಂಗೈ ಚಾಚಿದ. ನಾಲ್ಕು ಕೊಟ್ಟೆ. ಹುಡುಗರು ನಕ್ಕರು. ಶಾಣ್ಯಾ ಅಮೋಗಿ ಎದ್ದು ಹನ್ನೆರಡೂವರೆ ಎಂದ, ಕುಳಿತ. ನೋಡಿ, ಒಂದೇ ಊರು, ಒಂದೇ ಹೆಸರು. ಹಣೆಬರಹ ಬೇರೆ.

ಪಾರ್ವತಿಬಾಯಿ ಬಾಗಿಲಲ್ಲಿ ನಿಂತಿದ್ದಳು, ಸೀಮೆಸುಣ್ಣ ಕೇಳುವ ನೆಪ. “ಉತ್ತರಾ ಹೇಳಾಕ ಅವಗ ಎಷ್ಟ ಹೊತ್ತು ಕೊಟ್ರಿ ಮಾಸ್ತರ್ರ?” ಎಂದಳು. ಹುಡುಗರ ಮುಂದೆ. ನನ್ನ ಮಗಳ ವಯಸ್ಸಿನವಳು. ಸೀಮೆಸುಣ್ಣ ಕೊಡಲಿಲ್ಲ.

23 ಜನವರಿ, ಬುಧವಾರ

ಮುಲ್ಕಿ ಫಾರ್ಮು ತುಂಬುವ ಕೆಲಸ. ಮೂವತ್ತೊಂದು ಹುಡುಗರಲ್ಲಿ ಇಪ್ಪತ್ತನಾಲ್ಕು ಕಳಿಸುತ್ತೇನೆ. ಏಳು ತಡೆದಿದ್ದೇನೆ. ನಾಪಾಸಾಗುವವನನ್ನು ಕಳಿಸಿ ಸಾಲೆಯ ರಿಝಲ್ಟು ಕೆಡಿಸುವುದೇಕೆ. ಏಳರಲ್ಲಿ ಮೊದಲ ಹೆಸರು ದಡ್ಡ ಅಮೋಗಿಯದು.

ಅವನ ಅಪ್ಪ ಧೂಳಪ್ಪ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೋಣೆಯೆಲ್ಲ ಕುರಿಯ ವಾಸನೆ. ಕುಳಿತುಕೋ ಎಂದರೂ ಕೂರಲಿಲ್ಲ. ಮಗ ಪರೀಕ್ಷೆಗೆ ಇಲ್ಲ ಎಂದೆ. ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಆಮೇಲೆ, “ಊರ ಸಾಲ್ಯಾಗ ಇವಂದs ಪೈಲಾ ನಂಬರ ಇತ್ರಿ ಮಾಸ್ತರ್ರ. ಇಲ್ಲಿ ಬಂದು ಏನಾತೋ ಏನೊ” ಎಂದ.

ಎಲ್ಲ ಅಪ್ಪಂದಿರೂ ಇದನ್ನೇ ಹೇಳುತ್ತಾರೆ. ಹಳ್ಳಿಯ ಮೊದಲ ನಂಬರು ಇಲ್ಲಿ ನಡೆಯುವುದಿಲ್ಲ ಎಂದೆ. ಹೌದರಿ ಎಂದ. ಮುಲ್ಕಿ ಪಾಸಾದರೆ ಮಾಸ್ತರಕಿ ಸಿಗುತ್ತದೆಂದು ಮೂರು ವರ್ಷ ಅವನನ್ನು ಇಲ್ಲಿ ಅಕ್ಕನ ಮನೆಯಲ್ಲಿ ಇಟ್ಟಿದ್ದನಂತೆ. ಇನ್ನೊಂದು ವರ್ಷ ಆಗುವುದಿಲ್ಲ. ಯುಗಾದಿ ಪಾಡ್ಯ ಮುಗಿದ ಮೇಲೆ ಕುರಿ ಭೀಮಾ ದಂಡೆಗೆ ಇಳಿಯುತ್ತವೆ, ಹುಡುಗನೂ ಕುರಿಯ ಹಿಂದೆ. ಅಲ್ಲಿಗೆ ಸಾಲೆ ಮುಗಿಯಿತು. ಒಳ್ಳೆಯದು. ಕುರಿಗಳಿಗೆ ಶೇಕಡಾ ಲೆಕ್ಕ ಬೇಕಿಲ್ಲ.

ಬಾಗಿಲ ಹೊರಗೆ ಮಗ ನಿಂತಿದ್ದ. ಅಪ್ಪ ಮುಂದೆ, ಮಗ ಹಿಂದೆ ಹೋದರು.

30 ಜನವರಿ, ಬುಧವಾರ

ಫಾರ್ಮು ಸೋಲಾಪುರಕ್ಕೆ ಹೋದವು. ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ಕಟ್ಟನ್ನು ಟಪಾಲಿನವನ ತನಕ ಹೊತ್ತವನು ಹಮಾಲ ಧರೆಪ್ಪ. ನನ್ನ ಹಳೆಯ ವಿದ್ಯಾರ್ಥಿ, ಕಡೆಯ ಸಾಲು. ಇಪ್ಪತ್ತೈದು ವರ್ಷವಾದರೂ ನನ್ನ ಕಂಡರೆ ಟೊಪ್ಪಿಗೆ ತೆಗೆಯುತ್ತಾನೆ. “ನಮ್ಮ ತಲ್ಯಾಗ ಮೊದಲs ಏನೂ ಇರಲಿಲ್ರಿ ಗುರೂಜಿ, ನೀವ ಗುರ್ತ ಹಿಡದ್ರಿ” ಎಂದು ನಗುತ್ತಾನೆ. ಕೂಲಿ ಕೊಟ್ಟರೆ ಮುಟ್ಟಲಿಲ್ಲ. ಹಳೆಯ ಹುಡುಗರಿಗೆ ಮರ್ಯಾದೆ ಇತ್ತು.

9 ಫೆಬ್ರವರಿ, ಶನಿವಾರ

ಪಾರ್ವತಿಬಾಯಿಗೆ ತಡೆದ ಏಳು ಹುಡುಗರು ಬೇಕಂತೆ. ಮಧ್ಯಾಹ್ನ ಒಂದು ಗಂಟೆ ತನ್ನ ತರಗತಿಯಲ್ಲಿ ಕೂರಿಸಿಕೊಳ್ಳುತ್ತಾಳಂತೆ. ನನ್ನ ಕಸ ಯಾರು ಒಯ್ದರೂ ನನ್ನ ತಕರಾರಿಲ್ಲ ಎಂದೆ. ಮುಖ ಕೆಂಪಾಯಿತು. ಒಯ್ದಳು.

ಹಾಯುವಾಗ ಇಣುಕಿದೆ. ದಡ್ಡ ಅಮೋಗಿ ಐದನೆಯ ತರಗತಿಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದ! ಪಾಟಿ ಹಿಡಿದು, ಕುಕ್ಕರಗಾಲಲ್ಲಿ ಕುಳಿತು. ಗಂಟಲಿನಿಂದ ದನಿ ಬರುತ್ತಿತ್ತು. ಮೂರು ವರ್ಷದಲ್ಲಿ ನಾನು ಆ ದನಿ ಕೇಳಿರಲಿಲ್ಲ. ನನ್ನ ನೆರಳು ಪಾಟಿಯ ಮೇಲೆ ಬಿತ್ತು. ತಲೆ ಎತ್ತಿ ನೋಡಿದ, ಅಲ್ಲಿಗೆ ಬಾಯಿ ಮುಚ್ಚಿತು.

“ನೋಡಿದ್ರ್ಯಾ?” ಎಂದಳು ಪಾರ್ವತಿಬಾಯಿ. ಏನು ನೋಡುವುದು. ಐದನೆಯ ತರಗತಿಯ ಭಾಗಾಕಾರ ಏಳನೆಯವನಿಗೆ ಬಂದರೆ ಪೇಢೆ ಹಂಚಬೇಕೇ.

14 ಫೆಬ್ರವರಿ, ಗುರುವಾರ

ಸೋಲಾಪುರದಿಂದ ಒಂದು ಫಾರ್ಮು ವಾಪಸು. ಶಾಣ್ಯಾ ಅಮೋಗಿಯದು. ನಿಮ್ಮ ಸಾಲೆಯ ರಜಿಸ್ಟರಿನ ನಕಲಿನಲ್ಲಿ ಇದೇ ಹೆಸರಿಗೆ ಎರಡು ಜನ್ಮ ತಾರೀಖು ಇವೆ, ಮೂಲ ದಾಖಲೆ ನೋಡಿ ಸರಿಯಾದದ್ದು ಬರೆಯಿರಿ ಎಂದು ಷರಾ.

ಹೆಡ್ ಮಾಸ್ತರರ ಟ್ರಂಕು ತೆಗೆಸಿದೆ. ಎರಡೂ ದಾಖಲೆ ಒಂದೇ ಟಾಚಣಿಯಲ್ಲಿ ಚುಚ್ಚಿದ್ದವು. 1954ರ ಜೂನ್. ಕರಜಗಿಯ ಮಾಸ್ತರರ ಮುದ್ದಾದ ಅಕ್ಷರ. ಒಂದರ ಮೇಲೆ ‘ಪ್ರಥಮ ಕ್ರಮಾಂಕ, ಗಣಿತದಲ್ಲಿ ಬಹಳ ಚುರುಕು.’ ಇನ್ನೊಂದರ ಮೇಲೆ ‘ಮಂದ. ಹೇಗೋ ಪಾಸು.’ ಇದು ನನಗೆ ನೆನಪಿತ್ತು. ನೆನಪಿಲ್ಲದ್ದು, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು. ಹೆಸರು ಒಂದೇ ಎಂದು ಗುರುತಿಗಾಗಿ ಆ ಮನುಷ್ಯ ಬರೆದಿದ್ದ. ಚುರುಕಿನವನ ದಾಖಲೆಯ ಮೇಲೆ: ಕೆಳಗಿನ ಓಣಿ. ಮಂದನ ದಾಖಲೆಯ ಮೇಲೆ: ಮೇಲಿನ ಓಣಿ.

ತರಗತಿಗೆ ಹೋದೆ. ಕರಜಗಿಯ ಕೆಳಗಿನ ಓಣಿಯವ ಯಾರು, ಎದ್ದೇಳು ಎಂದೆ.

ಕಡೆಯ ಸಾಲಿನವ ಎದ್ದ.

ಅಂಗೈ ಚಾಚಿದ. ಕೂಡು ಎಂದೆ.

ಸಂಜೆ 6 — ಇಷ್ಟೇ ಬರೆದು ಎದ್ದು ಹೋಗಿದ್ದೆ. ಈಗ ಪೂರ್ತಿ ಬರೆಯುತ್ತೇನೆ. 1954ರಲ್ಲಿ ಮೊದಲ ದಿನ ಇಬ್ಬರೂ ಜೊತೆಗೇ ಬಂದಿದ್ದರು. ಒಬ್ಬ ಎಣ್ಣೆ ಹಚ್ಚಿ ತಲೆ ಬಾಚಿ, ಬಿಳಿ ಟೊಪ್ಪಿಗೆ, ಅಗಲ ಹಣೆ. ಇನ್ನೊಬ್ಬನ ಮೂಗು ಸೋರುತ್ತಿತ್ತು, ಕೂದಲಲ್ಲಿ ಮುಳ್ಳುಕಾಯಿ, ಹಣೆ ಎರಡು ಬೆರಳು. ದಾಖಲೆ ಎರಡೂ ನನ್ನ ಕೈಯಲ್ಲಿ. ಯಾವುದು ಯಾರದು ಎಂದು ಕೇಳಲಿಲ್ಲ. ಕೇಳುವುದೇನು, ಹಣೆ ಕಾಣುತ್ತದಲ್ಲ.

17 ಫೆಬ್ರವರಿ, ರವಿವಾರ

ಎಸ್.ಟಿ. ಹಿಡಿದು ಕರಜಗಿಗೆ ಹೋದೆ. ಹೆಂಡತಿ ಗುರುಲಿಂಗಮ್ಮ ಯಾರ ಮದುವೆ ಎಂದು ಕೇಳಿದಳು. ಗದರಿಸಿದೆ.

ಆ ಮಾಸ್ತರನೇ ಓಣಿ ತಪ್ಪಿ ಬರೆದಿರಬೇಕು ಎಂಬ ಆಸೆ. ನಾಗಣ್ಣ ಎಂದು ಹೆಸರು, ಮುದುಕ, ಒಬ್ಬನೇ ನಾಲ್ಕು ತರಗತಿ ನಡೆಸುತ್ತಾನೆ. ಕೆಳಗಿನ ಓಣಿ ಅಮೋಗಿ ಎಂದೊಡನೆ ಮುಖ ಅರಳಿತು. ನಾಗಣ್ಣನಿಗೆ ಜ್ವರ ಬಂದಾಗ ಆ ಹುಡುಗ ಮೂರನೆಯ ತರಗತಿಗೆ ಪಾಠ ಮಾಡಿದ್ದನಂತೆ. ಈಗ ನಿಮ್ಮ ಕೈಯಲ್ಲಿ ಎಲ್ಲಿಗೆ ಹೋಗಿ ಮುಟ್ಟಿದ್ದಾನೋ ಎಂದ. ನಾನು ನೀರು ಕೇಳಿದೆ.

ಮೇಲಿನ ಓಣಿಯವ? ಮುದುಕ ನಕ್ಕ. ನೂರರ ತನಕ ಎಣಿಸಲು ಅಳುತ್ತಿದ್ದನಂತೆ. ಈಗ ಅವನೇ ನಿಮ್ಮಲ್ಲಿ ಪೈಲಾ ಅಂತ ಕೇಳಿದೆ, ಊರೆಲ್ಲ ಬೆರಗಾಗಿದೆ ಎಂದ. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. “ಏನ ಮಾಡಿದ್ರಿ ಗುರೂಜಿ ಅವಗ? ನಮಗೂ ಅಷ್ಟ ಹೇಳಿಕೊಡ್ರಿ.”

ಏನು ಮಾಡಿದೆ. ಮುಂದಿನ ಸಾಲಿನಲ್ಲಿ ಕೂರಿಸಿದೆ. ತಪ್ಪು ಹೇಳಿದರೆ ‘ಇನ್ನೊಮ್ಮೆ ನೋಡು, ನಿನಗೆ ಬರುತ್ತದೆ’ ಎಂದೆ. ಮೂರು ವರ್ಷ ಅಷ್ಟೇ ಮಾಡಿದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಟ್ಟು ನೆತ್ತಿಗೇರಿತು. ಆ ಮುದುಕನ ಮೇಲೆ, ಊರಿಗೊಂದೇ ಹೆಸರಿಡುವ ಮಂದಿಯ ಮೇಲೆ, ಹೆಸರು ಕೊಟ್ಟ ದೇವರ ಮೇಲೆ. ಕಡೆಯ ಸಾಲಿನ ಹುಡುಗನ ಮೇಲೂ. ಪೈಲಾ ಇದ್ದವನು ನನ್ನೆದುರು ಯಾಕೆ ಬಾಯಿ ಬಿಡಲಿಲ್ಲ. ಒಂದು ಸಲ, ಒಂದೇ ಸಲ, ನಾನು ದಡ್ಡ ಅಲ್ಲ ಎಂದಿದ್ದರೆ.

ಅಂದಿದ್ದರೆ ಬೆತ್ತ ಕೊಡುತ್ತಿದ್ದೆ.

18 ಫೆಬ್ರವರಿ, ಸೋಮವಾರ

ಕೆಂಪು ವಹಿ ತೆಗೆದು ಕುಳಿತೆ. 1927ರಿಂದ. ನಾಪಾಸ್ ಎಂದು ಬರೆದವರೆಲ್ಲ ನಾಪಾಸು. ನಲವತ್ತು ಪುಟ. ಎಷ್ಟು ಹೆಮ್ಮೆಯಿಂದ ಟಿಕ್ ಮಾರ್ಕು ಹಾಕಿದ್ದೇನೆ.

ಬೇಡ. ಒಂದು ತಪ್ಪಾದರೆ ಎಲ್ಲವೂ ತಪ್ಪಲ್ಲ. ನಾಳೆ ಇಲೆಕ್ಷನ್ ಡ್ಯೂಟಿಯ ಕಾಗದ ಬರುತ್ತದೆ. ದುಧನಿ ಕಡೆ ಹಾಕಿದ್ದಾರಂತೆ. ಒಳ್ಳೆಯದಾಯಿತು.

5 ಮಾರ್ಚ್, ಮಂಗಳವಾರ

ಇಲೆಕ್ಷನ್ ಮುಗಿಯಿತು. ಹದಿನೈದು ದಿನ ಇದರಲ್ಲಿ ಏನೂ ಬರೆಯಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ.

ಇಂದು ಕಡೆಯ ಸಾಲಿನ ಅಮೋಗಿಯನ್ನು ಊಟದ ಬಿಡುವಿನಲ್ಲಿ ಕರೆದೆ. ಯೋಚನೆ ಸರಳವಾಗಿತ್ತು. ನಾನು ಹೇಳಿ ದಡ್ಡನಾದವನು ನಾನು ಹೇಳಿದರೆ ಶಾಣ್ಯಾ ಆಗಬೇಕು. ನೀನು ದಡ್ಡ ಅಲ್ಲ, ಶಾಣ್ಯಾ ಇದ್ದಿ ಎಂದೆ. ದನಿ ನನ್ನದೇ, ಬೇರೆ ದನಿ ಎಲ್ಲಿಂದ ತರಲಿ. ಅವನು ನನ್ನ ಕೈ ನೋಡಿದ, ಬೆತ್ತ ಯಾವ ಕೈಯಲ್ಲಿದೆ ಎಂದು. ಆಮೇಲೆ ಅಂಗೈ ಚಾಚಿದ.

ಇಲ್ಲೋ ಮಂಗ್ಯಾ, ಹೊಡೆಯುವುದಿಲ್ಲ, ಖರೇ ಹೇಳುತ್ತಿದ್ದೇನೆ ಎಂದು ಕಿರುಚಿದೆ. ಎರಡನೆಯ ಕೈಯನ್ನೂ ಚಾಚಿದ.

8 ಮಾರ್ಚ್, ಶುಕ್ರವಾರ. ಸೋಲಾಪುರ

ರಜೆ ಹಾಕಿ ಬಂದೆ. ಆಫೀಸಿನಲ್ಲಿ ಶಾಣ್ಯಾ ಅಮೋಗಿಯ ಫಾರ್ಮು ತಿದ್ದಿ ಕೊಟ್ಟೆ, ಕಡೆಯ ಸಾಲಿನವನದೂ ಒಂದು ಫಾರ್ಮು ಹೆಚ್ಚಿಗೆ ಸೇರಿಸಿಕೊಳ್ಳಿ ಎಂದೆ. ಕ್ಲರ್ಕು ತಲೆ ಎತ್ತಲಿಲ್ಲ. ಮುದತ್ ಸಂಪಲೀ, ಗುರುಜೀ ಎಂದ. ಅವನದೇನೂ ತಪ್ಪಿಲ್ಲ, ಮುದತ್ತು ಖರೇ ಮುಗಿದಿದೆ. ಎರಡು ತಾಸು ಅಲ್ಲೇ ನಿಂತೆ. ಕೊನೆಗೆ ದೊಡ್ಡ ಸಾಹೇಬರು ಒಂದು ದಾರಿ ಹೇಳಿದರು. ಸಾಲೆಯ ತಪ್ಪಿನಿಂದ ಹುಡುಗ ಹಿಂದುಳಿದ ಎಂದು, ತಪ್ಪು ಮಾಡಿದ ಮಾಸ್ತರ ಸ್ವತಃ ಬರೆದು ಸಹಿ ಮಾಡಿ, ಹೆಡ್ ಮಾಸ್ತರರ ಶಿಕ್ಕಾ ಹಾಕಿಸಿ ಹದಿಮೂರರೊಳಗೆ ಕೊಟ್ಟರೆ ಆಗಬಹುದು. ಆ ಕಾಗದ ಅವನ ಸರ್ವಿಸ್ ಬುಕ್ಕಿಗೆ ಸೇರುತ್ತದೆ.

ಹಾಗೆಂದರೆ ಕುರ್ಚಿ ಹೋಯಿತು. ಸ್ಟ್ಯಾಂಡಿನಲ್ಲಿ ಚಹಾ ಕುಡಿದೆ. ಬರೆಯುವುದಿಲ್ಲ ಎಂದುಕೊಂಡೇ ಬಸ್ಸು ಹತ್ತಿದೆ.

11 ಮಾರ್ಚ್, ಸೋಮವಾರ

ಪಾರ್ವತಿಬಾಯಿಯ ಜೊತೆ ಜಗಳ. ತೆಗೆದದ್ದು ನಾನೇ. ನಿನ್ನ ಉಪದೇಶದಿಂದ ಹುಡುಗರು ಕೆಡುತ್ತಿದ್ದಾರೆ, ಬೆತ್ತಕ್ಕೆ ಅಂಜುವುದನ್ನು ಬಿಟ್ಟಿದ್ದಾರೆ ಎಂದು ಶುರು ಮಾಡಿದೆ. ಅವಳನ್ನು ಅಳಿಸಬೇಕೆಂದಿತ್ತು. ಏನಾಯಿತೋ, ಬಾಯಿಯಿಂದ ಬೇರೆಯೇ ಬಂತು. ಟ್ರಂಕು, ಎರಡು ದಾಖಲೆ, ಓಣಿ, ಕರಜಗಿ, ಸೋಲಾಪುರ, ಎಲ್ಲ.

ಅವಳು ಎದ್ದು ಬಾಗಿಲು ಹಾಕಿದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

“ಮೂರು ವರ್ಷ ಅವನ ಕೈ ಬಾವು ಬರಸೀರಿ,” ಎಂದಳು. “ನಿಮ್ಮ ದುಃಖ ಕೇಳಾಕ ನನಗ ಪುರಸೊತ್ತಿಲ್ರಿ. ಹದಿಮೂರು ಅಂದ್ರ ಬುಧವಾರ. ಕಾಗದಾ ಬರೀರಿ.”

ನಾನು ನಾಳೆ ಹೆಡ್ ಮಾಸ್ತರನಾಗುವವನು ಎಂದೆ. ಆಗ್ರಿ ಎಂದಳು, ಅಷ್ಟೇ. ಬಾಗಿಲು ತೆಗೆದು ಹೋದಳು. ಈ ಹೆಣ್ಣುಮಗಳ ಮುಖ ನೋಡಿದರೆ ಮೈ ಉರಿಯುತ್ತದೆ.

12 ಮಾರ್ಚ್

ಬರೆದೆ. ಮೂರು ಸಾಲು. ‘ದಾಖಲೆಯನ್ನು ಸರಿಯಾಗಿ ಓದದೆ, ಇಬ್ಬರು ವಿದ್ಯಾರ್ಥಿಗಳನ್ನು ಅದಲು ಬದಲು ಮಾಡಿದ ತಪ್ಪು ನನ್ನದು. ಶಾಂತಲಿಂಗಪ್ಪ, ಸಹಾಯಕ ಶಿಕ್ಷಕ.’ ರಾಚಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ರಿಟೈರಾಗುವ ಹೊತ್ತಿಗೆ ನನ್ನ ಸಾಲೆಗೆ ಮಸಿ ಬಳಿದೆ ಎಂದರು. ಶಿಕ್ಕಾ ಹಾಕಿದರು. ಜೋರಾಗಿ.

ಗುರುಲಿಂಗಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಮ್ಮ ದೊಡ್ಡ ಮಗನನ್ನೂ ನೀವು ಕಡೆಯ ಸಾಲಿನಲ್ಲಿ ಕೂರಿಸಿದ್ದಿರಿ ಎಂದಳು. ಆ ಮಾತು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದಳು.

20 ಮಾರ್ಚ್, ಬುಧವಾರ

ಮಂಜೂರಿ ಬಂತು. ಪರೀಕ್ಷೆ ಏಪ್ರಿಲ್ ಎಂಟರಿಂದ. ನಾಗಣ್ಣನ ಕೈಯಲ್ಲಿ ಧೂಳಪ್ಪನಿಗೆ ಹೇಳಿ ಕಳಿಸಿದೆ: ಪಾಡ್ಯದ ಮೇಲೆ ಎರಡು ವಾರ ಹುಡುಗನನ್ನು ಬಿಡು.

ಎರಡೂ ದಾಖಲೆಗಳನ್ನು ಇಡೀ ತರಗತಿಯ ಮುಂದೆ ಓದಿಬಿಡುವುದು ಎಂದು ನಿಶ್ಚಯ ಮಾಡಿದ್ದೆ. ಕಡೆಯ ಸಾಲಿನವನಿಗೆ ಆಗ ನಂಬಲೇಬೇಕಾಗುತ್ತದೆ. ಪಾರ್ವತಿಬಾಯಿಗೆ ಹೇಳಿದೆ. ಓದಿರಿ, ಒಬ್ಬನನ್ನು ಎಬ್ಬಿಸಲು ಇನ್ನೊಬ್ಬನನ್ನು ಕೆಡವಿರಿ, ನಿಮಗೆ ಅದು ರೂಢಿಯಿದೆ ಎಂದಳು.

ಶಾಣ್ಯಾ ಅಮೋಗಿಯ ಮಾತು ನಾನು ಯೋಚಿಸಿಯೇ ಇರಲಿಲ್ಲ. ಅವನು ಬೆಳಗ್ಗೆ ನನಗಿಂತ ಮೊದಲು ಬಂದು ಕಪ್ಪು ಹಲಗೆ ಒರೆಸುತ್ತಾನೆ. ‘ಮಂದ’ ಎಂದು ಬರೆದದ್ದು ಅವನದು ಎಂದು ಗೊತ್ತಾದರೆ ಪರೀಕ್ಷೆಗೆ ಉಳಿದ ಹತ್ತೊಂಬತ್ತು ದಿನದಲ್ಲಿ ಮತ್ತೆ ನೂರರ ತನಕ ಎಣಿಸಲು ಅಳುತ್ತಾನೆ. ಅಳುತ್ತಾನೆಯೇ? ನನಗೆ ಗೊತ್ತಿಲ್ಲ. ಈಗ ಯಾರ ಹಣೆ ನೋಡಿದರೂ ನನಗೆ ಏನೂ ಗೊತ್ತಾಗುತ್ತಿಲ್ಲ.

22 ಮಾರ್ಚ್, ಶುಕ್ರವಾರ

ಕಡೆಯ ಸಾಲಿನವನೊಬ್ಬನನ್ನೇ ಹೆಡ್ ಮಾಸ್ತರರ ಕೋಣೆಗೆ ಕರೆದು ಅವನ ದಾಖಲೆ ಕೈಗೆ ಕೊಟ್ಟೆ. ಇನ್ನೊಂದನ್ನು ತೋರಿಸಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಪ್ರಥಮ ಕ್ರಮಾಂಕ. ಬಹಳ ಚುರುಕು. ಎರಡು ಸಲ ಓದಿದ. ಈಗ ನಗುತ್ತಾನೆ, ಈಗ ಅಳುತ್ತಾನೆ ಎಂದು ಕಾದೆ.

ಮಡಚಿ ವಾಪಸು ಕೊಟ್ಟ. “ನಮ್ಮ ಊರ ಮಾಸ್ತರ ನನ್ನ ಮ್ಯಾಲ ಭಾಳ ಜೀವಾ ಮಾಡ್ತಿದ್ರರಿ. ಅದಕ್ಕ ಹಂಗ ಬರದಾರ.”

ಇಲ್ಲ, ಅವರು ಬರೆದದ್ದು ಖರೇ, ನಾನೇ ತಪ್ಪಿದ್ದು ಎಂದೆ. ಮೂವತ್ತು ವರ್ಷದಲ್ಲಿ ಒಬ್ಬ ಹುಡುಗನಿಗೆ ಈ ಮಾತು ಹೇಳಿದ್ದು ಇದೇ ಮೊದಲು. ಅವನು ತಲೆ ಅಲ್ಲಾಡಿಸಿದ. ನನಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ:

“ನೀವು ತಪ್ಪಂಗಿಲ್ರಿ ಗುರೂಜಿ. ನೀವು ಪೈಲಾ ದಿನಾನs ಗುರ್ತ ಹಿಡದ್ರಿ.”

ಹಮಾಲ ಧರೆಪ್ಪನ ಮಾತು. ಅದೇ ‘ಗುರ್ತ ಹಿಡದ್ರಿ’.

23 ಮಾರ್ಚ್

ಪಾರ್ವತಿಬಾಯಿ: ಹೇಳಿದರೆ ನಂಬುವುದಿಲ್ಲ ಮಾಸ್ತರರೇ, ಮಾಡಿದರೆ ನಂಬುತ್ತಾನೆ, ಮಾಡಲು ಹೊತ್ತು ಕೊಡಿ. ಅವಳ ಟ್ರೇನಿಂಗಿನ ಮಾತು ಕೇಳಿ ತಲೆ ಚಿಟ್ಟು ಹಿಡಿದಿದೆ. ಆದರೂ ಇಂದು ಪ್ರಶ್ನೆ ಕೇಳಿ ಮನಸ್ಸಿನಲ್ಲಿ ಮೂವತ್ತು ಎಣಿಸಿದೆ. ಹಲ್ಲು ಕಚ್ಚಿಕೊಂಡು ಎಣಿಸಿದೆ. ಇಪ್ಪತ್ತೆಂಟಕ್ಕೆ ಅವನ ತುಟಿ ಅಲುಗಿತು. ದನಿ ಬರಲಿಲ್ಲ.

27 ಮಾರ್ಚ್

ಬೆತ್ತ ತರಗತಿಗೆ ಒಯ್ಯಲಿಲ್ಲ. ಹುಡುಗರು ಗದ್ದಲ ಎಬ್ಬಿಸಿದರು. ಮಧ್ಯಾಹ್ನ ಒಯ್ದೆ.

ಅವನು ಪಾಟಿಯ ಮೇಲೆ ಲೆಕ್ಕ ಬಿಡಿಸುತ್ತಾನೆ, ನಾನು ಹತ್ತಿರ ಬಂದೊಡನೆ ಅಂಗಿಯ ತೋಳಿನಿಂದ ಒರೆಸಿಬಿಡುತ್ತಾನೆ. ಒರೆಸುವ ಮೊದಲು ಒಂದನ್ನು ನೋಡಿದೆ. ಉತ್ತರ ಬರೋಬರಿ ಇತ್ತು.

2 ಏಪ್ರಿಲ್, ಮಂಗಳವಾರ

ನಿನ್ನೆಯಿಂದ ದೇಶಕ್ಕೆಲ್ಲ ಹೊಸ ಪೈಸೆ. ರೂಪಾಯಿಗೆ ನೂರಂತೆ. ಆಣೆಯ ಲೆಕ್ಕ ಕಲಿಸಿ ಕಲಿಸಿ ತಲೆ ನೆರೆಯಿತು, ಈಗ ಇದು. ಹಲಗೆಯ ಮೇಲೆ ಕೋಷ್ಟಕ ಬರೆದೆ. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹದಿನೆಂಟು. ಮುಂದಿನ ಸಾಲು ತಲೆ ತಗ್ಗಿಸಿ ಇಳಿಸಿಕೊಂಡಿತು. ಶಾಣ್ಯಾ ಅಮೋಗಿಯೂ.

ಹಿಂದಿನಿಂದ ದನಿ. “ಗುರೂಜಿ, ಅಲ್ಲಿ ಚೂಕ ಆಗೇತ್ರಿ.”

ಯಾರು ಎಂದು ತಿರುಗಿದೆ. ಅವನು ಎದ್ದು ನಿಂತಿದ್ದ. ನನ್ನ ಕೈ ತಾನಾಗಿಯೇ ಮೇಜಿನ ಮೇಲಿನ ಬೆತ್ತಕ್ಕೆ ಹೋಯಿತು, ಸುಳ್ಳು ಬರೆಯುವುದಿಲ್ಲ. ಮೈಯೆಲ್ಲ ಸಿಟ್ಟು. ಅವನಿಗೂ ಗೊತ್ತಾಯಿತು. ಅಂಗೈ ಚಾಚಿದ. ಆದರೆ ಕೂರಲಿಲ್ಲ, ನೆಲವನ್ನೂ ನೋಡಲಿಲ್ಲ. ಹಲಗೆಯನ್ನೇ ನೋಡುತ್ತಿದ್ದ.

ಏನು ತಪ್ಪು, ಹೇಳು ಎಂದೆ. ಎಣಿಸಿದೆ. ಹತ್ತು. ಹದಿನೈದು.

“ನಾಕಾಣೆಗೆ ಇಪ್ಪತ್ತೈದ್ರಿ. ಹಂಗಾರ ಮೂರಾಣೆಗೆ ಹದಿನೆಂಟ ಮುಕ್ಕಾಲು ಬರ್ತೈತಿ. ಮುಕ್ಕಾಲು ಬಿಡಾಕ ಬರಂಗಿಲ್ಲ, ಹತ್ತೊಂಬತ್ತು ಹಿಡೀತಾರ. ಪೋಸ್ಟ್ ಆಫೀಸಿನ ಗೋಡಿಗೆ ಹಚ್ಯಾರ, ನಾ ಲೆಕ್ಕಾ ಮಾಡಿ ನೋಡೇನ್ರಿ.” ಕೈ ಇನ್ನೂ ಚಾಚಿಯೇ ಇತ್ತು. ಮಾತು ನಡುಗಲಿಲ್ಲ.

ಬೆತ್ತ ಬಿಟ್ಟೆ. ಹದಿನೆಂಟನ್ನು ಅಳಿಸಿ ಹತ್ತೊಂಬತ್ತು ಬರೆದೆ. ಮೂವತ್ತೊಂದು ಹುಡುಗರ ಮುಂದೆ, ನಂದು ತಪ್ಪು, ಅವಂದು ಬರೋಬರಿ ಎಂದೆ. ಹಿಂದೆ ಒಬ್ಬ ನಕ್ಕ. ಅವನು ಯಾರೆಂದು ನೋಡಿಕೊಂಡಿದ್ದೇನೆ.

ಪಾರ್ವತಿಬಾಯಿಗೆ ಸುದ್ದಿ ಮುಟ್ಟಿತ್ತು. ಬೇಕೆಂದೇ ತಪ್ಪಿದಿರಾ ಎಂದು ಕೇಳಿದಳು. ಇಲ್ಲ, ನನಗೆ ಖರೇನೇ ಗೊತ್ತಿರಲಿಲ್ಲ ಎಂದೆ. ನನ್ನೆದುರು ಮೊದಲ ಸಲ ನಕ್ಕಳು. ನನಗೇನೂ ನಗು ಬರಲಿಲ್ಲ.

ಸಂಜೆ 5½ — ಸಾಲೆ ಬಿಟ್ಟ ಮೇಲೆ ಅವನು ಹೋಗದೆ ಬಾಗಿಲ ಹತ್ತಿರ ನಿಂತಿದ್ದ. ಏನು ಎಂದೆ. ಗುಂಡಿ ತಿರುವಿದ.

“ಗುರೂಜಿ, ಹಂಗಾರ... ನಮ್ಮ ಊರ ಮಾಸ್ತರ ಬರದದ್ದು ಖರೇ ಇರಬಹುದೇನ್ರಿ?”

ಹೌದೆಂದು ಗೋಣು ಹಾಕಿದೆ. ಮನೆಗೆ ಹೋಗು, ಶೇಕಡಾ ಲೆಕ್ಕ ಇಪ್ಪತ್ತು ಬಿಡಿಸಿಕೊಂಡು ಬಾ, ಒರೆಸಿದರೆ ನೋಡು ಎಂದು ಗದರಿದೆ. ಓಡಿದ.

8 ಏಪ್ರಿಲ್, ಸೋಮವಾರ. ಮಧ್ಯಾಹ್ನ

ಹತ್ತೂವರೆಗೆ ಗಂಟೆ ಹೊಡೆಯಿತು. ಇಬ್ಬರೂ ಅಮೋಗಸಿದ್ಧರು ಒಳಗೆ ಹೋದರು. ಒಬ್ಬನ ನಂಬರು ಮೊದಲ ಕೋಣೆಯಲ್ಲಿ, ಇನ್ನೊಬ್ಬನದು ತಡವಾಗಿ ಸೇರಿಸಿದ್ದರಿಂದ ಕಡೆಯ ಕೋಣೆಯಲ್ಲಿ, ಕಡೆಯ ಸಾಲು. ಧೂಳಪ್ಪ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕುಳಿತಿದ್ದ. ಕುರಿಗಳನ್ನು ತಮ್ಮನ ಕೈಯಲ್ಲಿ ಬಿಟ್ಟು ಬಂದಿದ್ದಾನೆ. ಪಾಸಾಗ್ತಾನೇನ್ರಿ ಎಂದು ಕೇಳಿದ. ಗೊತ್ತಿಲ್ಲ ಎಂದೆ.

ಹೆಡ್ ಮಾಸ್ತರಕಿಯ ಆರ್ಡರು ಬಂದಿದೆ. ಸೋಲಾಪುರದಿಂದ ಯಾರೋ ಬರುತ್ತಾರೆ.

ಮನೆಗೆ ಬಂದು ಕೆಂಪು ವಹಿ ತೆಗೆದೆ. ‘ಪೂಜಾರಿ ಅಮೋಗಸಿದ್ಧ ಧೂಳಪ್ಪ’, ಎರಡು ಸಲ. ಎರಡರ ಮುಂದೆಯೂ ಬರೆದದ್ದನ್ನು ಹೊಡೆದು ಹಾಕಿದೆ. ಏನೂ ಬರೆಯಲಿಲ್ಲ. ವಹಿ ಮುಚ್ಚಬೇಕಿತ್ತು. ಹಿಂದಿನ ಪುಟ ತಿರುವಿದೆ, ಅದರ ಹಿಂದಿನದು, ಅದರ ಹಿಂದಿನದು. ನಮ್ಮ ದೊಡ್ಡ ಮಗ. ಅದರ ಹಿಂದೆ 1930, ಧರೆಪ್ಪ, ನಾಪಾಸ್, ಟಿಕ್ ಮಾರ್ಕು. ಸಂಸ್ಥಾನದ ಕಾಲದ ದಾಖಲೆಗಳೆಲ್ಲ ಆ ಟ್ರಂಕಿನ ತಳದಲ್ಲಿ ಇನ್ನೂ ಇವೆ. ಧರೆಪ್ಪನದೂ ಇರಬೇಕು. ಅದರ ಮೇಲೆ ಏನು ಬರೆದಿತ್ತು? ಅವತ್ತು ನಾನು ಅದನ್ನು ಓದಿದ್ದೆನೇ, ಇಲ್ಲಾ ಬರೀ ಹಣೆ ನೋಡಿದ್ದೆನೇ?